ಕೆಂಪುಕಲ್ಲಿಗೆ ಹೆಸರಿಟ್ಟ ಬುಕಾನನ್

ಗೆಳೆಯ ಗೆಳತಿಯರೇ, ಈ ಸಲ ಗೋಡೆಪತ್ರಿಕೆಗೆ ಒಬ್ಬ ಪ್ರಸಿದ್ಧರ ಜೀವನಚರಿತ್ರೆ ಬರೆಯಲಿಕ್ಕೆ ಮಾಸ್ಟ್ರು ಹೇಳಿದಾಗ ನಾನು ಆರಿಸಿದ್ದು ಫ್ರಾನ್ಸಿಸ್ ಬುಕಾನನ್ ಅವರನ್ನು. ಕಾರಣ ಉಂಟು. ನನ್ನ ಅಜ್ಜ ಕೆಂಪುಕಲ್ಲಿನ ಕೋರೆಯಲ್ಲಿ ಕಲ್ಲು ಕಡಿದವರು. ಆ ಕಲ್ಲನ್ನು ಲೋಕವೆಲ್ಲ ಈಗ ಲ್ಯಾಟರೈಟ್ ಅನ್ನುತ್ತದೆ. ಆ ಹೆಸರು ಕೊಟ್ಟವರು ಬುಕಾನನ್.

ಇವರು 1762ರ ಫೆಬ್ರವರಿ 15ರಂದು ಸ್ಕಾಟ್ಲೆಂಡಿನಲ್ಲಿ ಹುಟ್ಟಿದರು. ಎಡಿನ್‌ಬರೋದಲ್ಲಿ ಓದಿ 1783ರಲ್ಲಿ ವೈದ್ಯರಾದರು. ಹಡಗುಗಳಲ್ಲಿ ಡಾಕ್ಟರಾಗಿ ಕೆಲಸ ಮಾಡಿ, 1794ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಬಂಗಾಳದ ಸೇವೆಗೆ ಸೇರಿದರು. ಕೆಲಸ ಮದ್ದು ಕೊಡುವುದು. ಮನಸ್ಸು ಮಾತ್ರ ಗಿಡ, ಮೀನು, ಕಲ್ಲುಗಳ ಮೇಲೆ.

1799ರಲ್ಲಿ ಟಿಪ್ಪು ಸುಲ್ತಾನ್ ಮಡಿದರು. ಗೆದ್ದ ಸೀಮೆಯಲ್ಲಿ ಎಂತೆಲ್ಲ ಬೆಳೆಯುತ್ತದೆ, ಎಷ್ಟು ಆದಾಯ ಬಂದೀತು ಎಂದು ಕಂಪೆನಿಗೆ ತಿಳಿಯಬೇಕಿತ್ತು. ಗವರ್ನರ್ ಜನರಲ್ ವೆಲ್ಲೆಸ್ಲಿ ಈ ಕೆಲಸಕ್ಕೆ ಬುಕಾನನ್ನರನ್ನು ಕಳಿಸಿದರು. 1800ರ ಏಪ್ರಿಲಿನಲ್ಲಿ ಮದ್ರಾಸಿನಿಂದ ಹೊರಟ ಅವರು ಮೈಸೂರು, ಮಲಬಾರು, ಕೆನರಾ ಸುತ್ತಿ 1801ರ ಜುಲೈಯಲ್ಲಿ ಪ್ರಯಾಣ ಮುಗಿಸಿದರು. ಕಂಪೆನಿ ಕಳಿಸಿದ್ದು ಲಾಭಕ್ಕಾಗಿ. ಆದರೂ ಅವರು ರೈತನ ನೇಗಿಲಿನಿಂದ ಹಿಡಿದು ಕೋರೆಯ ಕಲ್ಲಿನವರೆಗೆ ಎಲ್ಲವನ್ನೂ ನಿಂತು ನೋಡಿ, ಕೇಳಿ ಬರೆದುಕೊಂಡರು.

ಮಲಬಾರಿನ ಅಂಗಾಡಿಪುರದಲ್ಲಿ ಅವರು ಈ ಕಲ್ಲನ್ನು ಗಮನಿಸಿದರು. ನೆಲದೊಳಗಿರುವಾಗ ಕತ್ತಿಯಲ್ಲಿ ಕಡಿಯುವಷ್ಟು ಮೆತ್ತಗೆ, ಗಾಳಿಗೆ ಬಿದ್ದ ಮೇಲೆ ಇಟ್ಟಿಗೆಯಷ್ಟು ಗಟ್ಟಿ. ಅಲ್ಲಿಯ ಜನ ಅದನ್ನು ಇಟ್ಟಿಗೆ ಕಲ್ಲು ಎಂದೇ ಕರೆಯುತ್ತಿದ್ದರು. ಲ್ಯಾಟಿನ್ ಭಾಷೆಯಲ್ಲಿ ಇಟ್ಟಿಗೆಗೆ ಲೇಟರ್ ಅಂತಾರೆ. ಹಾಗೆ ಲ್ಯಾಟರೈಟ್ ಹುಟ್ಟಿತು. ಅಂದರೆ ಮೊದಲು ಹೆಸರಿಟ್ಟವರು ಕಲ್ಲು ಕಡಿಯುವವರೇ, ಅಲ್ವಾ? ಇದನ್ನು ಹೇಳಿದಾಗ ಅಜ್ಜ ತುಂಬ ಖುಷಿಪಟ್ಟರು.

ಈ ಕಲ್ಲು ಹೇಗೆ ಆಯಿತು ಎಂಬುದು ಬುಕಾನನ್ ಕಾಲದಲ್ಲಿ ತಿಳಿದಿರಲಿಲ್ಲ. ಈಗ ತಿಳಿದಿದೆ. ನಮ್ಮ ಘಟ್ಟ ಎಂದರೆ ಪೀಠಭೂಮಿಯ ಪಡುವಣ ಅಂಚು. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ನೆಲದಿಂದ ಬೇರೆಯಾಯಿತು, ಕಾಲಕ್ರಮದಲ್ಲಿ ಈ ಅಂಚು ಮೇಲೆದ್ದಿತು. ಎದ್ದ ಅಂಚು ಕಡಲಿನ ಮೋಡಗಳನ್ನು ತಡೆಯುತ್ತದೆ. ಅದಕ್ಕೇ ಗುಂಡ್ಯದಲ್ಲಿ ಈ ಪಾಟಿ ಮಳೆ, ಘಟ್ಟ ದಾಟಿ ಹಾಸನಕ್ಕೆ ಹೋದರೆ ಕಡಿಮೆ. ಆ ಮಳೆಯೇ ಘಟ್ಟವನ್ನು ಕೊರೆಯುತ್ತದೆ. ಮಣ್ಣು ಕೆಂಪುಹೊಳೆ, ಗುಂಡ್ಯ ಹೊಳೆ, ಕುಮಾರಧಾರಾ, ನೇತ್ರಾವತಿ ಹಿಡಿದು ಕಡಲು ಸೇರುತ್ತದೆ. ಮೂಟೆ ಇಳಿಸಿದ ದೋಣಿ ತುಸು ಮೇಲೇಳುವ ಹಾಗೆ, ಭಾರ ಇಳಿದ ನೆಲವೂ ಮೆಲ್ಲನೆ ಏಳುತ್ತದೆ. ಉಳಿದ ಬಂಡೆಯೊಳಗೆ ಮಳೆನೀರು ಇಳಿದು ಸಿಲಿಕಾವನ್ನು ಕರಗಿಸಿ ಒಯ್ಯುತ್ತದೆ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಅಂಶ ಉಳಿಯುತ್ತದೆ. ಅದೇ ಕೆಂಪುಕಲ್ಲು.

ಬುಕಾನನ್ನರ ಪ್ರವಾಸದ ಪುಸ್ತಕ 1807ರಲ್ಲಿ ಲಂಡನ್ನಿನಲ್ಲಿ 3 ಸಂಪುಟಗಳಾಗಿ ಬಂತು. ಅವರು ನೇಪಾಳಕ್ಕೂ ಹೋದರು, 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಸಮೀಕ್ಷೆ ಮಾಡಿದರು, ಕಲ್ಕತ್ತೆಯ ಸಸ್ಯೋದ್ಯಾನದ ಮುಖ್ಯಸ್ಥರಾದರು. 1815ರಲ್ಲಿ ಊರಿಗೆ ಮರಳುವಾಗ, ಅವರು ಮಾಡಿಸಿದ್ದ ಚಿತ್ರಗಳನ್ನು ಒಯ್ಯಲು ಸರಕಾರ ಬಿಡಲಿಲ್ಲ. ಎಷ್ಟು ಬೇಜಾರಾಗಿರಬೇಕು! ಆದರೂ ಕೈಕಟ್ಟಿ ಕೂರಲಿಲ್ಲ. 1822ರಲ್ಲಿ ಗಂಗಾನದಿಯ ಮೀನುಗಳ ಬಗ್ಗೆ ಪುಸ್ತಕ ತಂದರು. 1829ರ ಜೂನ್ 15ರಂದು ತೀರಿಕೊಂಡರು. ಅಂಗಾಡಿಪುರದಲ್ಲಿ 1979ರಲ್ಲಿ ಕೆಂಪುಕಲ್ಲಿನದೇ ಸ್ಮಾರಕ ಕಟ್ಟಿದ್ದಾರೆ.

2018ರ ಆಗಸ್ಟಿನಲ್ಲಿ ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ರಸ್ತೆ, ರೈಲು ಎರಡೂ ನಿಂತದ್ದು ನಿಮಗೆ ನೆನಪಿರಬಹುದು. ಮಳೆ ಗುಡ್ಡವನ್ನು ಇಳಿಸುವುದು ಹಳೇ ಕೆಲಸ. ನಾವು ಬುಡ ಕಡಿದರೆ ಆ ಕೆಲಸ ಬೇಗ ಆಗುತ್ತದೆ, ಅಷ್ಟೆ. ಲಕ್ಷಾಂತರ ವರ್ಷದ ಕಲ್ಲನ್ನು ಯಂತ್ರ ಒಂದೇ ದಿನದಲ್ಲಿ ಕತ್ತರಿಸಿ ಹಾಕುತ್ತದೆ. ಮನೆ ಕಟ್ಟಲು ಕಲ್ಲು ಬೇಕು, ನಿಜ. ಎಲ್ಲಿ ಕಡಿಯಬೇಕು, ಎಲ್ಲಿ ಬಿಡಬೇಕು ಎಂದು ತಿಳಿಯಲಿಕ್ಕೆ ಬುಕಾನನ್ನರ ಹಾಗೆ ಮೊದಲು ನಿಂತು ನೋಡಬೇಕು.

ಇವತ್ತು ಮನೆಗೆ ಹೋಗುವಾಗ ದಾರಿಬದಿಯ ಬರೆಯನ್ನು ಒಮ್ಮೆ ನೋಡಿ. ನಾಳೆ ನನ್ನ ಹತ್ತಿರ ಹೇಳಿ.