ಟಿಪ್ಪು ಸುಲ್ತಾನನೂ ಮೈಸೂರಿನ ಬಾಣಗಳೂ

ಟಿಪ್ಪು ಸುಲ್ತಾನನ ಹೆಸರನ್ನು ಕೇಳದ ಕನ್ನಡ ಮಕ್ಕಳಿಲ್ಲ. ಹುಲಿಯ ಗುರುತು, ಖಡ್ಗ, ಶ್ರೀರಂಗಪಟ್ಟಣದ ಕೋಟೆ, ಒತ್ತೆಯಾಳುಗಳಾಗಿ ಹೋದ ಇಬ್ಬರು ಎಳೆಯ ಮಕ್ಕಳು, ಇವೆಲ್ಲವೂ ಪಾಠಪುಸ್ತಕಗಳಲ್ಲಿ ಬಂದು ಹೋಗಿವೆ. ಇಂದು ರಾಕೆಟ್ ಎಂದೊಡನೆ ನಮಗೆ ಶ್ರೀಹರಿಕೋಟಾ ನೆನಪಾಗುತ್ತದೆ. ಇನ್ನೂರು ವರ್ಷಗಳ ಹಿಂದೆ ಇಂಗ್ಲಿಷ್ ದಂಡಿನವರಿಗೆ ರಾಕೆಟ್ ಎಂದೊಡನೆ ನೆನಪಾಗುತ್ತಿದ್ದುದು ಮೈಸೂರು. ನಮ್ಮ ಮಕ್ಕಳು ಕಾಗದದ ರಾಕೆಟ್ ಮಾಡಿ ಹಾರಿಸುವುದನ್ನು ಕಲಿಯುತ್ತಿರುವ ಈ ದಿನಗಳಲ್ಲಿ ಆ ಸುಲ್ತಾನನ ಜೀವನವನ್ನು ಅವನ ಬಾಣಗಳ ಕಡೆಯಿಂದ ನೋಡೋಣವೆಂದು ಈ ಲೇಖನ.

ಟಿಪ್ಪು ಹುಟ್ಟಿದ್ದು 1751ನೆಯ ಇಸವಿಯಲ್ಲಿ, ದೇವನಹಳ್ಳಿಯಲ್ಲಿ. 1750 ಎನ್ನುವವರೂ ಉಂಟು. ಈಗ ಬೆಂಗಳೂರಿನ ವಿಮಾನ ನಿಲ್ದಾಣ ಇರುವುದು ಅದೇ ಊರಿನ ಮಗ್ಗುಲಲ್ಲಿ. ತಂದೆ ಹೈದರ್ ಅಲಿ ಕೋಲಾರ ಸೀಮೆಯ ಬೂದಿಕೋಟೆಯವನು. ಓದು ಬರಹ ಬಾರದಿದ್ದರೂ ಮೈಸೂರು ದಂಡಿನಲ್ಲಿ ಸಾಮಾನ್ಯ ಸೈನಿಕನಾಗಿ ಸೇರಿ ರಾಜ್ಯವನ್ನೇ ಕೈಗೆ ತೆಗೆದುಕೊಂಡ ಮನುಷ್ಯ. ತನಗಿಲ್ಲದ ವಿದ್ಯೆ ಮಗನಿಗಿರಲೆಂದು ಒಳ್ಳೆಯ ಗುರುಗಳನ್ನಿಟ್ಟು ಓದಿಸಿದನು. ಯುದ್ಧವಿದ್ಯೆಯನ್ನು ಟಿಪ್ಪು ಫ್ರೆಂಚ್ ಅಧಿಕಾರಿಗಳಿಂದಲೂ ಕಲಿತನು. ಹದಿನೈದು ವರ್ಷದವನಿರುವಾಗಲೇ ತಂದೆಯೊಡನೆ ಮಲಬಾರಿನ ದಂಡಯಾತ್ರೆಗೆ ಹೋದವನು ಅವನು.

ಬಾಣ ಎಂಬುದು ಈ ಮನೆತನಕ್ಕೆ ಹೊಸದಾಗಿರಲಿಲ್ಲ. ಟಿಪ್ಪುವಿನ ಅಜ್ಜ ಫತೇ ಮುಹಮ್ಮದನು ಆರ್ಕಾಟಿನ ನವಾಬನ ದಂಡಿನಲ್ಲಿ 50 ಜನ ಬಾಣದವರ ನಾಯಕನಾಗಿದ್ದನೆಂದು ಹೇಳುತ್ತಾರೆ. ಇಲ್ಲಿ ಬಾಣವೆಂದರೆ ಬಿಲ್ಲಿಗೆ ಹೂಡುವ ಬಾಣವಲ್ಲ, ನಮ್ಮ ಜಾತ್ರೆಗಳಲ್ಲಿ ಹಾರಿಸುವ ಬಾಣಬಿರುಸಿನ ಬಾಣ. ಪೆಟ್ಲುಪ್ಪು, ಗಂಧಕ, ಇದ್ದಿಲು ಸೇರಿಸಿ ಅರೆದ ಮದ್ದನ್ನು ಕೊಳವೆಯಲ್ಲಿ ಗಟ್ಟಿಸಿ ಒಂದು ತುದಿಗೆ ಬೆಂಕಿ ತಗುಲಿಸಿದರೆ, ಹೊಗೆ ಹಿಂದಕ್ಕೆ ನುಗ್ಗಿ ಕೊಳವೆ ಮುಂದಕ್ಕೆ ನುಗ್ಗುತ್ತದೆ. ಈ ವಿದ್ಯೆ ಚೀನಾದಲ್ಲಿ ಹುಟ್ಟಿ ನಮ್ಮ ನಾಡಿಗೂ ಯುರೋಪಿಗೂ ಬಂದು ಶತಮಾನಗಳಾಗಿದ್ದವು. ಆದರೆ ಕೊಳವೆ ಬಿದಿರಿನದೋ ಕಾಗದದ್ದೋ ಆಗಿರುತ್ತಿತ್ತು. ಆದ್ದರಿಂದ ಬಾಣವು ಹೆಚ್ಚಾಗಿ ಸನ್ನೆ ಮಾಡಲು, ಆನೆ ಕುದುರೆಗಳನ್ನು ಬೆದರಿಸಲು, ಉತ್ಸವದಲ್ಲಿ ಕಣ್ಣಿಗೆ ಹಬ್ಬ ಮಾಡಲು ಉಪಯೋಗವಾಗುತ್ತಿತ್ತು.

ಹೈದರನ ಕಾಲದಲ್ಲಿ ಮೈಸೂರಿನವರು ಈ ಕೊಳವೆಯನ್ನು ಕಬ್ಬಿಣದ್ದನ್ನಾಗಿ ಮಾಡಿದರು. ಕೇಳಲು ಚಿಕ್ಕ ಮಾತು. ಆದರೆ ಮದ್ದು ಉರಿಯುವಾಗ ಒಳಗೆ ಹುಟ್ಟುವ ಒತ್ತಡವನ್ನು ಕಾಗದ ತಾಳಲಾರದು. ಹೆಚ್ಚು ಗಟ್ಟಿಸಿ ತುಂಬಿದರೆ ಕೊಳವೆಯೇ ಸಿಡಿಯುತ್ತದೆ. ಬಡಿದು ಹದಮಾಡಿದ ಮೆದು ಕಬ್ಬಿಣದ ಕೊಳವೆ ಆ ಒತ್ತಡವನ್ನು ತಡೆದು ಹಿಡಿಯುತ್ತದೆ. ಒತ್ತಡ ಹೆಚ್ಚಿದಷ್ಟೂ ಹೊಗೆ ಹೊರಬೀಳುವ ವೇಗ ಹೆಚ್ಚು, ಬಾಣ ಹೋಗುವ ದೂರವೂ ಹೆಚ್ಚು. ಮೈಸೂರಿನ ಕೊಳವೆ ಸುಮಾರು 8 ಅಂಗುಲ ಉದ್ದ, ಒಂದೂವರೆಯಿಂದ 3 ಅಂಗುಲ ದಪ್ಪ. ಅದನ್ನು ಸುಮಾರು 4 ಅಡಿಯ ಬಿದಿರಿನ ಗಳುವಿಗೆ ಚರ್ಮದ ಪಟ್ಟಿಯಿಂದ ಬಿಗಿಯುತ್ತಿದ್ದರು. ಅರ್ಧ ಕಿಲೋ ಮದ್ದಿನ ಬಾಣ ಸುಮಾರು 900 ಮೀಟರು ಹೋಗುತ್ತಿತ್ತು. ದೊಡ್ಡವು ಅದಕ್ಕಿಂತಲೂ ದೂರ.

ಆ ಬಿದಿರಿನ ಗಳು ಏತಕ್ಕೆಂದು ತಿಳಿಯಬೇಕಾದರೆ ಪುಸ್ತಕ ಬೇಡ, ಒಂದು ಹಾಳೆ ಕಾಗದ ಸಾಕು. ಅಮೆರಿಕದ ನಾಸಾ ಸಂಸ್ಥೆಯವರು ಶಾಲೆಗಳಿಗೆಂದು ತಯಾರಿಸಿದ ಕಾಗದದ ರಾಕೆಟ್ಟಿನ ನಕ್ಷೆಗಳು ಬೆಲೆಯಿಲ್ಲದೆ ಸಿಗುತ್ತವೆ. ಅಚ್ಚು ಹಾಕಿಸಿಕೊಂಡು ಗೆರೆಗುಂಟ ಕತ್ತರಿಸಿದರಾಯಿತು. ಅರ್ಧ ಅಂಗುಲದ ಪ್ಲಾಸ್ಟಿಕ್ ಪೈಪಿನ ಸುತ್ತ ಕಾಗದವನ್ನು ಸುತ್ತಿ ಅಂಟಿಸಬೇಕು. ಪೈಪಿನ ಮೇಲೆ ಅದು ಸಲೀಸಾಗಿ ಜಾರುವಂತಿರಲಿ. ಒಂದು ತುದಿಗೆ ಗಾಳಿ ಸೋರದಂತೆ ಶಂಕುವಿನಾಕಾರದ ಮೂತಿ, ಇನ್ನೊಂದು ತುದಿಗೆ ಮೂರೋ ನಾಲ್ಕೋ ರೆಕ್ಕೆ. ಪೈಪಿನ ಬುಡಕ್ಕೆ ಸೈಕಲ್ ಟ್ಯೂಬು, ಅದರ ತುದಿಗೆ ತಂಪುಪಾನೀಯದ ಖಾಲಿ ಬಾಟಲಿ. ಪೈಪಿನ ಬಾಯಿಯನ್ನು ಬಯಲಿನ ಕಡೆ ಮೇಲ್ಮುಖ ಮಾಡಿ ಬಾಟಲಿಯನ್ನು ಜೋರಾಗಿ ತುಳಿದರೆ ರಾಕೆಟ್ಟು ಶಾಲೆಯ ಮಾಳಿಗೆಯನ್ನು ದಾಟುತ್ತದೆ. ಗಾಳಿಯ ಒಂದೇ ನೂಕಿಗೆ ಹಾರುವುದರಿಂದ ಇದು ರಾಕೆಟ್ಟಿಗಿಂತ ಊದುಗೊಳವೆಗೆ ಹತ್ತಿರದ ನೆಂಟ, ನಿಜ. ಆದರೂ ಒಂದು ಸಂಗತಿಯನ್ನು ಚೆನ್ನಾಗಿ ಕಲಿಸುತ್ತದೆ. ರೆಕ್ಕೆ ಅಂಟಿಸದೆ ಹಾರಿಸಿ ನೋಡಿ, ಬಾಲವಿಲ್ಲದ ಗಾಳಿಪಟದಂತೆ ಲಾಗ ಹೊಡೆದು ಬೀಳುತ್ತದೆ. ರೆಕ್ಕೆ ಇದ್ದರೆ ಗಾಳಿ ಹಿಂದಿನ ಭಾಗವನ್ನು ಹಿಡಿದು ಮೂತಿ ನೇರವಾಗಿರುವಂತೆ ನೋಡಿಕೊಳ್ಳುತ್ತದೆ. ಮೈಸೂರಿನ ಬಾಣಕ್ಕೆ ಆ ಕೆಲಸವನ್ನು ಮಾಡುತ್ತಿದ್ದುದು ಬಿದಿರಿನ ಗಳು. ಪಾಲಕರಲ್ಲಿ ಒಂದು ಬಿನ್ನಹ: ಕಾಗದದ ಕೊಳವೆಗೆ ಮದ್ದು ತುಂಬುವ ಸಾಹಸಕ್ಕೆ ಮಕ್ಕಳು ಕೈಹಾಕದಂತೆ ನೋಡಿಕೊಳ್ಳಿ. ಅದು ಏಕೆ ಸಿಡಿಯುತ್ತದೆಂದು ಮೇಲೆ ಹೇಳಿದ್ದೇವೆ.

ಮೈಸೂರಿನ ಬಾಣಗಳ ಹೆಸರು ದೂರ ಹರಡಿದ್ದು 1780ರ ಸೆಪ್ಟೆಂಬರ್ 10ರ ಪೊಲ್ಲಿಲೂರು ಯುದ್ಧದಲ್ಲಿ. ಕಂಚಿಯ ಹತ್ತಿರದ ಈ ಊರಿನಲ್ಲಿ ಹೈದರನೂ ಟಿಪ್ಪುವೂ ಸೇರಿ ಕರ್ನಲ್ ಬೇಲಿಯ ಇಂಗ್ಲಿಷ್ ದಂಡನ್ನು ಮುರಿದರು. ಇಂಗ್ಲಿಷರ ಮದ್ದಿನ ಬಂಡಿಗಳು ಸಿಡಿದದ್ದೇ ಅವರ ಸೋಲಿಗೆ ಮುಖ್ಯ ಕಾರಣ. ಸಿಡಿಸಿದ್ದು ಬಾಣವೆಂದು ಕೆಲವರು, ತೋಪಿನ ಗುಂಡೆಂದು ಕೆಲವರು. ಬೇಲಿ ಸೆರೆಯಾದನು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಈ ಯುದ್ಧದ ದೊಡ್ಡ ಚಿತ್ರವಿದೆ. ಪ್ರವಾಸಕ್ಕೆ ಹೋದವರು ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು.

1782ರ ಡಿಸೆಂಬರಿನಲ್ಲಿ ಹೈದರ್ ತೀರಿಕೊಂಡನು. ಟಿಪ್ಪು ಪಟ್ಟಕ್ಕೆ ಬಂದನು. ತಂದೆ ಕೂಡಿಸಿದ್ದ ಬಾಣದ ಪಡೆಯನ್ನು ಅವನು ವ್ಯವಸ್ಥೆಗೆ ತಂದನು. ಹೈದರನ ಕಾಲದಲ್ಲಿ 1200ರಷ್ಟಿದ್ದ ಬಾಣದವರು ಟಿಪ್ಪುವಿನ ಕಾಲಕ್ಕೆ 5000ದಷ್ಟಾದರೆಂದು ಇತಿಹಾಸಕಾರರ ಲೆಕ್ಕ. ಫತ್‌ಉಲ್ ಮುಜಾಹಿದೀನ್ ಎಂಬ ಪಾರಸಿ ಸೇನಾಗ್ರಂಥವನ್ನು ಬರೆಯಿಸಿ, ಪ್ರತಿಯೊಂದು ಕಶೂನಿಗೆ, ಅಂದರೆ ಪಡೆಯ ವಿಭಾಗಕ್ಕೆ, 200 ಬಾಣದವರೆಂದು ಗೊತ್ತುಮಾಡಿದನು. ಕೊಳವೆಯ ದಪ್ಪವನ್ನೂ ಗುರಿಯ ದೂರವನ್ನೂ ನೋಡಿ ಎಷ್ಟು ಓರೆಯಲ್ಲಿ ಹಾರಿಸಬೇಕೆಂಬ ಅಭ್ಯಾಸ ಅವರಿಗಿತ್ತು. ಒಮ್ಮೆಗೇ ಐದರಿಂದ ಹತ್ತು ಬಾಣಗಳನ್ನು ಬಿಡುವ ಗಾಲಿಬಂಡಿಗಳೂ ಇದ್ದವು. ಆದರೂ ಬಾಣ ಎಲ್ಲಿ ಬೀಳುವುದೆಂದು ಖಚಿತವಾಗಿ ಹೇಳುವಂತಿರಲಿಲ್ಲ. ಗುರಿ ಹಿಡಿದು ಹೊಡೆಯುವುದಕ್ಕಿಂತ ಗುಂಪಾಗಿ ಬಿಟ್ಟು ಶತ್ರುವಿನ ಸಾಲನ್ನು ಚೆದುರಿಸುವುದೇ ಅದರ ಬಲ.

ಟಿಪ್ಪುವಿನ ಆಳ್ವಿಕೆಯ ಬಗೆಗೆ ಎಲ್ಲರದೂ ಒಂದೇ ಅಭಿಪ್ರಾಯವಲ್ಲ, ಅದನ್ನು ಮುಚ್ಚಿಡುವುದು ಸಲ್ಲದು. ಕೊಡಗು, ಮಂಗಳೂರು, ಮಲಬಾರುಗಳಲ್ಲಿ ಸಾವಿರಾರು ಜನ ಸೆರೆಯಾಗಿ ಊರು ಬಿಟ್ಟ ನೆನಪು ಇಂದಿಗೂ ಅಲ್ಲಿಯ ಮನೆಗಳಲ್ಲಿದೆ. 1791ರಲ್ಲಿ ಮರಾಠಾ ದಂಡು ಶೃಂಗೇರಿ ಮಠವನ್ನು ಲೂಟಿ ಮಾಡಿದಾಗ ನೆರವು ಕಳುಹಿಸಿ ಪತ್ರ ಬರೆದವನೂ ಅವನೇ. ರೇಷ್ಮೆಯನ್ನು ಮೈಸೂರಿನಲ್ಲಿ ಬೆಳೆಸಿದವನೂ ಅವನೇ. ಒಬ್ಬ ಮನುಷ್ಯನಲ್ಲಿ ಇವೆಲ್ಲ ಕೂಡಿರಬಹುದೆಂಬುದನ್ನು ದೊಡ್ಡ ತರಗತಿಯ ವಿದ್ಯಾರ್ಥಿಗಳು ಅರಿಯಬಲ್ಲರು.

ಇಲ್ಲಿ ನಮ್ಮ ಕಡೆಯ ಮಾತು ಬರುತ್ತದೆ. ಪೆದ್ದೆಮುಲ್, ತಾಂಡೂರು, ಗಡಿಯಾಚೆಯ ಸೇಡಂ, ಚಿಂಚೋಳಿ ಎಲ್ಲವೂ ಅಂದು ನಿಜಾಮನ ಸೀಮೆ. ನಿಜಾಮ್ ಅಲಿ ಖಾನನು ಇಂಗ್ಲಿಷರ ಕಡೆ ನಿಂತನು, ಮರಾಠರೂ ಸೇರಿದರು. 1792ರಲ್ಲಿ ಟಿಪ್ಪು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಯನ್ನೂ ಕೊಡಲು ಒಪ್ಪಿ, ಹಣ ತೀರುವವರೆಗೆ ಇಬ್ಬರು ಮಕ್ಕಳನ್ನು ಒತ್ತೆಯಿಟ್ಟನು. 1799ರಲ್ಲಿ ಮತ್ತೆ ಯುದ್ಧವಾದಾಗ ನಿಜಾಮನ ದಂಡಿನ ಮುಖ್ಯಸ್ಥ ಮೀರ್ ಆಲಂ. ಹೈದರಾಬಾದಿನ ಮೃಗಾಲಯದ ಬಳಿ ನೀವು ನೋಡಿದ ಕೆರೆ ಅವನ ಹೆಸರಿನದೇ. ವಿಚಿತ್ರವೆಂದರೆ, ಟಿಪ್ಪುವಿಗಾಗಿ ಆ ಸೇನಾಗ್ರಂಥವನ್ನು ಬರೆದ ಜೈನುಲ್ ಆಬಿದೀನ್ ಶೂಸ್ತರಿ ಇದೇ ಮೀರ್ ಆಲಮನ ಸೋದರ. ಒಬ್ಬನ ಲೇಖನಿ ಕೋಟೆಯ ಒಳಗೆ, ಇನ್ನೊಬ್ಬನ ದಂಡು ಕೋಟೆಯ ಹೊರಗೆ.

ಆ ವರ್ಷ ಏಪ್ರಿಲ್ 5ರ ರಾತ್ರಿ ಸುಲ್ತಾನಪೇಟೆಯ ತೋಪಿನಲ್ಲಿ ಮುನ್ನುಗ್ಗಿದ ಕರ್ನಲ್ ವೆಲ್ಲೆಸ್ಲಿಯ ಪಡೆ ಬಾಣಗಳಿಗೂ ಬಂದೂಕುಗಳಿಗೂ ಸಿಕ್ಕಿ ಕತ್ತಲಲ್ಲಿ ದಿಕ್ಕುಗೆಟ್ಟು ಹಿಂದೆ ಸರಿಯಿತು. ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಈ ವೆಲ್ಲೆಸ್ಲಿಯೇ. ಆದರೆ ಬಾಣಗಳು ಕೋಟೆಯನ್ನು ಉಳಿಸಲಿಲ್ಲ. ಮೇ 2ರಂದು ತೋಪಿನ ಗುಂಡೊಂದು ಕೋಟೆಯೊಳಗಿನ ಬಾಣದ ಉಗ್ರಾಣಕ್ಕೇ ಬಿದ್ದು ಅದು ಸಿಡಿಯಿತು. ಮೇ 4ರ ಮಧ್ಯಾಹ್ನ ಕೋಟೆಯ ಗೋಡೆ ಒಡೆದ ಕಡೆಯಿಂದ ಶತ್ರುಗಳು ನುಗ್ಗಿದರು. ಟಿಪ್ಪು ಓಡಿಹೋಗಲಿಲ್ಲ. ಕಾದಾಡುತ್ತಲೇ ಬಿದ್ದನು. ಆಗ ಅವನಿಗೆ 47 ವರ್ಷ. ಗಂಜಾಮಿನ ಗುಂಬಜಿನಲ್ಲಿ ತಂದೆತಾಯಿಗಳ ಪಕ್ಕದಲ್ಲಿ ಅವನನ್ನು ಮಣ್ಣು ಮಾಡಿದರು.

ಕೋಟೆಯಲ್ಲಿ 700 ಸಿದ್ಧ ಬಾಣಗಳೂ 9000 ಬರಿಯ ಕೊಳವೆಗಳೂ ಸಿಕ್ಕವೆಂದು ಇಂಗ್ಲಿಷರು ಬರೆದಿಟ್ಟರು. ಕೆಲವನ್ನು ಇಂಗ್ಲೆಂಡಿಗೆ ಸಾಗಿಸಿದರು. ಅಲ್ಲಿ ವಿಲಿಯಂ ಕಾಂಗ್ರೀವ್ ಎಂಬುವನು 1804ರ ಸುಮಾರಿಗೆ ಲಂಡನ್ನಿನ ಅತಿ ದೊಡ್ಡ ಬಾಣಬಿರುಸುಗಳನ್ನು ಕೊಂಡು ಹಾರಿಸಿ ಅಳೆದನು. ಅವು ಮೈಸೂರಿನವುಗಳ ಅರ್ಧ ದೂರವೂ ಹೋಗಲಿಲ್ಲ. ಕಾಗದದ ಕೊಳವೆಯಿಂದ ಆರಂಭಿಸಿ ಕೊನೆಗೆ ಅವನೂ ಕಬ್ಬಿಣಕ್ಕೇ ಬಂದನು. 1806ರಲ್ಲಿ ಬುಲೋನ್ ಬಂದರಿನ ಮೇಲೆ, 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಅವನ ರಾಕೆಟ್ಟುಗಳು ಬಿದ್ದವು. ಅವನು ಮಾಡಿದ ದೊಡ್ಡ ಕೆಲಸ ನಮ್ಮ ದೃಷ್ಟಿಯಲ್ಲಿ ಬೇರೆಯೇ ಇದೆ. ಪ್ರತಿಯೊಂದು ಅಳತೆಯನ್ನೂ ತೂಕವನ್ನೂ ಬರೆದು, ಚಿತ್ರ ಬಿಡಿಸಿ, ಪುಸ್ತಕ ಅಚ್ಚು ಹಾಕಿಸಿದನು. ಮೈಸೂರಿನಲ್ಲಿ ಬಾಣ ಬಿಡುವ ಕ್ರಮ ಗ್ರಂಥಕ್ಕೆ ಬಂದರೂ ಕೊಳವೆ ಬಡಿಯುವ ವಿದ್ಯೆ ಕಮ್ಮಾರರ ಕೈಯಲ್ಲೇ ಉಳಿಯಿತು. ರಾಜ್ಯ ಬಿದ್ದೊಡನೆ ಕುಲುಮೆ ಆರಿತು, ಕೈಯೊಡನೆ ವಿದ್ಯೆಯೂ ಹೋಯಿತು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರಿನ ಮತ್ತು ಬ್ರಿಟನ್ನಿನ ರಾಕೆಟ್ಟುಗಳನ್ನು ಹೋಲಿಸಿ ಬರೆದ ಮೇಲೆ ಈ ಕಥೆ ನಮ್ಮವರಿಗೆ ಮತ್ತೆ ತಿಳಿಯತೊಡಗಿತು. ಅದಕ್ಕೂ ಮೊದಲು, 1960ರ ದಶಕದಲ್ಲಿ, ತರಬೇತಿಗೆಂದು ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರಕ್ಕೆ ಹೋಗಿದ್ದ ಅಬ್ದುಲ್ ಕಲಾಂ ಅವರು ಅಲ್ಲಿಯ ಗೋಡೆಯ ಮೇಲೆ ಟಿಪ್ಪುವಿನ ಬಾಣದ ಪಡೆಯ ಚಿತ್ರವನ್ನು ಕಂಡು ಬೆರಗಾಗಿದ್ದರು.

ಇತ್ತೀಚಿನ ಸಂಗತಿ ಶಿವಮೊಗ್ಗ ಜಿಲ್ಲೆಯದು. ಟಿಪ್ಪು 1783ರಲ್ಲಿ ಇಂಗ್ಲಿಷರಿಂದ ಮರಳಿ ಗೆದ್ದ ಬಿದನೂರೇ ಇಂದಿನ ನಗರ. ಅಲ್ಲಿಯ ಹಾಳುಬಾವಿಯೊಂದರಲ್ಲಿ 2002ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಬಾಣಗಳೆಂದು ಗುರುತಾಗಲು ವರ್ಷಗಳೇ ಬೇಕಾದವು. 2018ರ ಜುಲೈಯಲ್ಲಿ ಪುರಾತತ್ವ ಇಲಾಖೆಯವರು ಅದನ್ನು ಪೂರ್ತಿ ಅಗೆಸಿದಾಗ ಇನ್ನೂ ಸಾವಿರಕ್ಕೂ ಹೆಚ್ಚು ಹೊರಬಂದವು. ಕೆಸರಿಗೆ ಮದ್ದಿನ ವಾಸನೆಯಿತ್ತಂತೆ. ಅವುಗಳನ್ನು ತೊಳೆದು ಅಳೆದು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ತಂದಿದ್ದಾರೆ.