ಬೆರಳುಗಳಿಂದ ಆಲಿಸಿದ ಹೆಲೆನ್ ಕೆಲ್ಲರ್

ಕಣ್ಣು ಕಾಣದ, ಕಿವಿ ಕೇಳದ ವ್ಯಕ್ತಿಯೊಬ್ಬರು ಮಾತನ್ನೂ ಸಂಗೀತವನ್ನೂ ಗ್ರಹಿಸಬಲ್ಲರೇ? ಗ್ರಹಿಸಬಲ್ಲರೆಂಬುದಕ್ಕೆ ಹೆಲೆನ್ ಕೆಲ್ಲರ್ ಅವರ ಬದುಕೇ ಸಾಕ್ಷಿ. ಕಂಪನವನ್ನು ಬೆರಳುಗಳಿಂದ ಅರಿಯುವ ವಿದ್ಯೆಯಲ್ಲಿ ಅವರಷ್ಟು ದೂರ ಸಾಗಿದವರು ವಿರಳ.

ಹೆಲೆನ್ ಜನಿಸಿದ್ದು 1880ರ ಜೂನ್ 27ರಂದು, ಅಮೆರಿಕದ ಅಲಬಾಮಾ ರಾಜ್ಯದ ಟಸ್ಕಂಬಿಯಾದಲ್ಲಿ. 19 ತಿಂಗಳ ಮಗುವಾಗಿದ್ದಾಗ ತಗುಲಿದ ಕಾಯಿಲೆ ದೃಷ್ಟಿ, ಶ್ರವಣಗಳೆರಡನ್ನೂ ಕಸಿದುಕೊಂಡಿತು. 1887ರ ಮಾರ್ಚ್ 3ರಂದು ಶಿಕ್ಷಕಿಯಾಗಿ ಬಂದ ಆನ್ ಸಲಿವನ್, ಬೆರಳುಗಳ ಭಂಗಿಯಲ್ಲಿ ಅಕ್ಷರಗಳನ್ನು ರೂಪಿಸಿ ಮಗುವಿನ ಅಂಗೈಗೆ ಮುಟ್ಟಿಸುತ್ತ ಭಾಷೆ ಕಲಿಸತೊಡಗಿದರು. ತಿಂಗಳೊಂದು ಕಳೆಯಿತು. ಪಂಪಿನ ನೀರು ಒಂದು ಕೈಮೇಲೆ ಸುರಿಯುತ್ತಿದ್ದಾಗ, ಇನ್ನೊಂದು ಕೈಯಲ್ಲಿ ಮೂಡಿದ ಅಕ್ಷರಗಳೇ ಅದರ ಹೆಸರೆಂದು ಹೆಲೆನ್‌ಗೆ ಹೊಳೆಯಿತು.

1890ರಲ್ಲಿ ಬಾಸ್ಟನ್ ನಗರದ ಹೊರೇಸ್ ಮ್ಯಾನ್ ಶಾಲೆಯ ಸಾರಾ ಫುಲ್ಲರ್ ಅವರಿಂದ ಮಾತಿನ ಪಾಠ ಆರಂಭವಾಯಿತು. ಎದುರಿನವರ ಮಾತನ್ನು ತಿಳಿಯಲು ಹೆಲೆನ್ ಅವರ ಮುಖದ ಮೇಲೆ ಕೈಯಿಡುತ್ತಿದ್ದರು: ಹೆಬ್ಬೆರಳು ಗಂಟಲಿಗೆ, ತೋರುಬೆರಳು ತುಟಿಗೆ, ನಡುಬೆರಳು ಮೂಗಿಗೆ. ಇದರ ಮರ್ಮವನ್ನು ನಮ್ಮ ವರ್ಣಮಾಲೆಯಿಂದಲೇ ಅರಿಯಬಹುದು. ಪ, ಬ, ಮ ಈ ಮೂರಕ್ಕೂ ತುಟಿ ಮುಚ್ಚುತ್ತದೆ. ತೋರುಬೆರಳೊಂದಕ್ಕೆ ಅವುಗಳ ಭೇದ ತಿಳಿಯುವುದು ಕಷ್ಟ. ಬ ಉಚ್ಚರಿಸುವಾಗ ತುಟಿ ತೆರೆಯುವ ಮುನ್ನವೇ ಗಂಟಲು ಕಂಪಿಸುತ್ತದೆ, ಪ ಎಂದಾಗ ಹಾಗಾಗದು. ಮ ಎಂದಾಗ ಮೂಗೂ ಕಂಪಿಸುತ್ತದೆ. ಮೂರು ಬೆರಳುಗಳ ಮೂರು ಸಾಕ್ಷ್ಯಗಳು ಕೂಡಿದಾಗಲೇ ಅಕ್ಷರ ಸ್ಪಷ್ಟವಾಗುತ್ತಿತ್ತು.

1904ರಲ್ಲಿ ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಹೆಲೆನ್ ಪದವಿ ಪಡೆದರು. 1924ರ ಫೆಬ್ರುವರಿಯಲ್ಲಿ ಬೀಥೋವನ್‌ನ ಒಂಬತ್ತನೆಯ ಸಿಂಫನಿ ರೇಡಿಯೋದಲ್ಲಿ ಪ್ರಸಾರವಾದಾಗ, ರಿಸೀವರಿನ ಮುಚ್ಚಳ ತೆಗೆಸಿ ಒಳಗಿನ ತೆಳು ತಗಡಿನ ಮೇಲೆ ಬೆರಳಿಟ್ಟರು. ವಾದ್ಯಗಳ ಲಯವಷ್ಟೇ ಅಲ್ಲ, ಗಾಯಕರ ಕಂಠಗಳು ಮೇಲೆದ್ದ ಕ್ಷಣವೂ ಅವರಿಗೆ ತಿಳಿಯಿತು. ಆ ಕೃತಿ ಮೊದಲು ಪ್ರದರ್ಶನಗೊಂಡದ್ದು ಸುಮಾರು 100 ವರ್ಷಗಳ ಹಿಂದೆ, 1824ರಲ್ಲಿ. ಆಗ ಅದರ ಕರ್ತೃವೂ ಕಿವುಡನಾಗಿದ್ದ.

ಆದರೆ ಸ್ಪರ್ಶಕ್ಕೆ ಮಿತಿಯಿದೆ. ಮನುಷ್ಯನ ಕಿವಿ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳಬಲ್ಲದು. ಬೆರಳ ತುದಿ ಅತ್ಯಂತ ಸೂಕ್ಷ್ಮವಾಗಿರುವುದು ಸುಮಾರು 250ರ ಆಸುಪಾಸಿನಲ್ಲಿ. 1,000 ದಾಟಿದರೆ ಅದಕ್ಕೆ ಬಹುತೇಕ ಏನೂ ತಿಳಿಯದು. ಮೇಲಾಗಿ, ತಮ್ಮ ದನಿಯನ್ನು ತಾವೇ ಕೇಳಿ ತಿದ್ದಿಕೊಳ್ಳುವ ದಾರಿ ಹೆಲೆನ್‌ಗೆ ಇರಲಿಲ್ಲ. ವರ್ಷಾನುಗಟ್ಟಲೆ ಶ್ರಮಿಸಿದರೂ ಅವರ ಮಾತು ಅಪರಿಚಿತರಿಗೆ ಸುಲಭವಾಗಿ ಅರ್ಥವಾಗಲಿಲ್ಲ. ಆ ಕೊರಗು ಕಡೆಯವರೆಗೂ ಉಳಿಯಿತು. ವೇದಿಕೆಯಲ್ಲಿ ಅವರ ಮಾತನ್ನು ಆನ್, 1936ರಲ್ಲಿ ಆನ್ ನಿಧನರಾದ ಬಳಿಕ ಪಾಲಿ ಥಾಮ್ಸನ್, ಸಭಿಕರಿಗೆ ಮತ್ತೆ ಹೇಳಬೇಕಾಗುತ್ತಿತ್ತು. ಆದರೂ ಅಂಧರ ಪರವಾಗಿ ಮಾತನಾಡುವುದನ್ನು ಅವರು ನಿಲ್ಲಿಸಲಿಲ್ಲ. 1955ರಲ್ಲಿ ಭಾರತಕ್ಕೂ ಬಂದಿದ್ದರು. 1968ರ ಜೂನ್ 1ರಂದು ನಿಧನರಾದರು.

ಇಂದು ನಮ್ಮ ಮೊಬೈಲ್ ಪರದೆಗಳೂ ಕಂಪಿಸಿ ಬೆರಳಿಗೆ ಉತ್ತರಿಸುತ್ತವೆ. ಆದರೆ ಗಾಜಿನ ಒಂದೆಡೆ ಹುಟ್ಟಿದ ಕಂಪನ ಎಲ್ಲೆಡೆ ಹರಡಿ, ಎಲ್ಲ ಬೆರಳುಗಳಿಗೂ ಹೆಚ್ಚೂಕಡಿಮೆ ಒಂದೇ ಸುದ್ದಿ ತಲುಪಿಸುತ್ತದೆ. ಪ್ರತಿ ಬೆರಳಿಗೂ ಬೇರೆ ಬೇರೆ ಕಂಪನ ಮುಟ್ಟಿಸುವುದು ಹೇಗೆಂದು ಸಂಶೋಧಕರು ಶ್ರಮಿಸುತ್ತಿದ್ದಾರೆ. ಪ್ರತ್ಯೇಕ ಬೆರಳಿಗೆ ಪ್ರತ್ಯೇಕ ಸುದ್ದಿ ದೊರೆತರೆ ಎಷ್ಟು ದೊಡ್ಡ ಲೋಕ ತೆರೆದುಕೊಳ್ಳಬಲ್ಲದು ಎಂಬುದನ್ನು ಹೆಲೆನ್ ಅವರ ಕೈ ಎಂದೋ ತೋರಿಸಿಕೊಟ್ಟಿದೆ.