ಪಂಡಿತ ತಾರಾನಾಥರು: ಪದವಿಗಳಿಗೆ ನಿಲುಕದ ವ್ಯಕ್ತಿತ್ವ

ಹಿಂದಿನ ಹೈದರಾಬಾದ್ ಸಂಸ್ಥಾನದ ಕನ್ನಡ ಭಾಗದಲ್ಲಿ ಮೂಡಿದ ಜಾಗೃತಿಯ ಚರಿತ್ರೆಯನ್ನು ಬರೆಯುವವರು ಪಂಡಿತ ತಾರಾನಾಥರನ್ನು (1891-1942) ಬಿಟ್ಟು ಮುಂದೆ ಸಾಗುವಂತಿಲ್ಲ. ಆದರೆ ಅವರನ್ನು ಯಾವ ಸಾಲಿನಲ್ಲಿ ನಿಲ್ಲಿಸಬೇಕೆಂಬುದು ತೊಡಕಿನ ಪ್ರಶ್ನೆ. ಅವರು ವೈದ್ಯರು, ಶಿಕ್ಷಣವೇತ್ತರು, ಸಂಗೀತಜ್ಞರು, ನಾಟಕಕಾರರು. ಈ ಯಾವ ಒಂದು ಹೆಸರೂ ಅವರನ್ನು ಪೂರ್ಣವಾಗಿ ಒಳಗೊಳ್ಳದು.

ಮಂಗಳೂರಿನಲ್ಲಿ ಜನಿಸಿದ ತಾರಾನಾಥರು ವೈದ್ಯಕೀಯ ವ್ಯಾಸಂಗಕ್ಕಾಗಿ ಹೈದರಾಬಾದಿಗೆ ಬಂದರು. ಅಂಥ ತರುಣನಿಂದ ಅಂದಿನ ಸಮಾಜ ಬಯಸುತ್ತಿದ್ದುದು ನಗರದಲ್ಲೊಂದು ಭದ್ರವಾದ ವೃತ್ತಿಯನ್ನು, ಸ್ವಜಾತಿಯ ಸಂಬಂಧವನ್ನು, ಕುಟುಂಬದ ಏಳಿಗೆಯನ್ನು. ತಾರಾನಾಥರ ಅಳತೆಗೋಲು ಬೇರೆಯಾಗಿತ್ತು. ದೇಶೀಯ ವೈದ್ಯಪದ್ಧತಿಗಳತ್ತ ಒಲಿದ ಅವರಿಗೆ ಚಿಕಿತ್ಸೆಯೆಂಬುದು ಜೀವನೋಪಾಯಕ್ಕಿಂತ ಮಿಗಿಲಾಗಿ ಸೇವೆಯಾಯಿತು.

1920ರಲ್ಲಿ ರಾಯಚೂರಿನಲ್ಲಿ ಅವರು ಸ್ಥಾಪಿಸಿದ ಶಾಲೆಯ ಹೆಸರು ಹಮ್‌ದರ್ದ್. ಪರರ ನೋವನ್ನು ಹಂಚಿಕೊಳ್ಳುವವನು ಎಂಬುದು ಆ ಪದದ ಅರ್ಥ. ಉರ್ದು ಆಡಳಿತಭಾಷೆಯಾಗಿ, ಕನ್ನಡ ಬಹುಜನರ ಆಡುನುಡಿಯಾಗಿದ್ದ ಊರಿನಲ್ಲಿ ಈ ಹೆಸರನ್ನು ಆರಿಸಿಕೊಂಡುದು ಗಮನಾರ್ಹ. ಭಾಷೆ ಮತಗಳ ಹೆಸರಿನಲ್ಲಿ ಬಿರುಕು ಮೂಡುತ್ತಿದ್ದ ಕಾಲದಲ್ಲಿ ಅದು ಎರಡು ಕಡೆಯವರನ್ನೂ ಕರೆಯುವ ಹೆಸರಾಗಿತ್ತು. ಆದರೆ ಸ್ವತಂತ್ರ ಮನೋಧರ್ಮದ ಶಿಕ್ಷಕನನ್ನು ಯಾವ ಪ್ರಭುತ್ವವೂ ಬಹುಕಾಲ ಸಹಿಸದು. ನಿಜಾಮ ಸರ್ಕಾರದ ಸಂಶಯಕ್ಕೆ ಗುರಿಯಾದ ಅವರು ನದಿಯ ಆಚೆಯ ದಡಕ್ಕೆ, ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ತುಂಗಭದ್ರಾ ಗ್ರಾಮಕ್ಕೆ ಹೋಗಿ ಪ್ರೇಮಾಯತನವೆಂಬ ಆಶ್ರಮವನ್ನು ಕಟ್ಟಿದರು. ಜಾತಿಯ ಎಲ್ಲೆಯನ್ನು ಮೀರಿ ಸುಮತೀಬಾಯಿಯವರ ಕೈಹಿಡಿದರು. ಔಷಧ, ಸಂಗೀತ, ಧರ್ಮಚಿಂತನೆ ಮೂರೂ ಅಲ್ಲಿ ಒಂದೇ ಬಾಳಿನ ಅಂಗಗಳಾದವು. ಅವರ 'ದೀನಬಂಧು ಕಬೀರ' ನಾಟಕದ ವಸ್ತು ಕೂಡ ಎರಡು ಮತಗಳ ನಡುವೆ ನಿಂತು, ಎರಡಕ್ಕೂ ಪೂರ್ತಿ ಒಪ್ಪಿಗೆಯಾಗದ ಸಂತನೊಬ್ಬನ ಬದುಕೇ ಆಗಿದೆ.

ಈ ಹಾದಿಗೆ ತೆರಬೇಕಾದ ಬೆಲೆಯೂ ಇತ್ತು. ತಾವು ನೆಟ್ಟ ಶಾಲೆಯಿಂದ ಅವರು ದೂರವಾಗಬೇಕಾಯಿತು. ಹಲವು ಕ್ಷೇತ್ರಗಳಲ್ಲಿ ಹರಿದ ಪ್ರತಿಭೆ ಯಾವುದೇ ಒಂದರಲ್ಲಿ ಬೃಹತ್ ಕೃತಿರಾಶಿಯಾಗಿ ನಿಲ್ಲಲಿಲ್ಲ. ಐವತ್ತೊಂದರ ವಯಸ್ಸಿನಲ್ಲೇ ಅವರು ತೀರಿಕೊಂಡರು. ಲೌಕಿಕ ಲೆಕ್ಕದಲ್ಲಿ ಇದನ್ನು ಅಪೂರ್ಣ ಜೀವನವೆಂದು ಬರೆದಿಡುವುದು ಸುಲಭ. ಆದರೆ ರಾಯಚೂರಿನ ಶಾಲೆ ಉಳಿದು ಬೆಳೆಯಿತು. ತಂದೆಯಿಂದಲೇ ಸಂಗೀತದ ಮೊದಲ ಪಾಠ ಪಡೆದ ಪುತ್ರ ರಾಜೀವ ತಾರಾನಾಥರು (1932-2024) ಇಂಗ್ಲಿಷ್ ಪ್ರಾಧ್ಯಾಪಕ ವೃತ್ತಿಯನ್ನು ತೊರೆದು ಸರೋದಿಗೆ ಬಾಳನ್ನು ಸಮರ್ಪಿಸಿದರು. ಅಳತೆಗೋಲು ಮುಂದಿನ ತಲೆಮಾರಿಗೂ ದಾಟಿತ್ತು.

ವಿದ್ವತ್ತನ್ನು ಪದವಿ, ಪ್ರಕಟಣೆಗಳಿಂದ ಅಳೆಯುವುದು ವಿಶ್ವವಿದ್ಯಾನಿಲಯಗಳ ಅನಿವಾರ್ಯ ರೂಢಿ. ನಾನೂ ಆ ಅಳತೆಯಿಂದಲೇ ವಿದ್ಯಾರ್ಥಿಗಳನ್ನು ತೂಗಿದ್ದೇನೆ. ಆ ತಕ್ಕಡಿಯಲ್ಲಿ ತಾರಾನಾಥರು ಹಗುರವಾಗಿ ಕಂಡರೆ ಸಂದೇಹಿಸಬೇಕಾದುದು ಅವರನ್ನಲ್ಲ, ತಕ್ಕಡಿಯನ್ನು.